ಚರ್ಚಿನ ಬಾಗಿಲಲ್ಲಿ ಕಳಚಿದ ಮುಖ

ನಾನೊಂದು ಮುಖವಾಡ, ಅದೂ ಸೈತಾನನದು. ಎರಡು ಕೊಂಬು, ಹಣೆಯ ಮೇಲೆ ಹೆಡೆಯೆತ್ತಿದ ಹಾವು, ಕನ್ನಡಿ ಚೂರಿನ ಹಲ್ಲು, ಕಣ್ಣಿನ ಜಾಗದಲ್ಲಿ ಸುಟ್ಟುಹೋದ ಬಲ್ಬುಗಳು. ಹಳೆಯ ಉಣ್ಣೆ ಟೋಪಿಯನ್ನು ನೆನೆಸಿ, ಅಚ್ಚಿಗೆ ಹಾಕಿ, ಮೇಲೆ ಪ್ಲಾಸ್ಟರ್ ಬಳಿದು ನನ್ನನ್ನು ಮಾಡಿದವನು ಇಲಾರಿಯೊನ್ ಎಂಬ ಮುದುಕ. ಬಣ್ಣ ಒಣಗಿದ ಮೇಲೆ ನನ್ನ ಎದುರಿಗೆ ಕನ್ನಡಿ ಹಿಡಿದ. ಅವನಿಗೆ ಹೇಳತೀರದ ಹೆಮ್ಮೆ. ನನಗೆ ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ನನ್ನೂರು ಒರೂರೊ, ಬೊಲಿವಿಯ ದೇಶದ ಎತ್ತರದ ಚಳಿ ಬಯಲಿನಲ್ಲಿದೆ. ಮೊದಲು ಬೆಳ್ಳಿಗಾಗಿ, ಆಮೇಲೆ ತವರಕ್ಕಾಗಿ ಇಲ್ಲಿನ ಬೆಟ್ಟಗಳನ್ನು ಎಷ್ಟು ಅಗೆದಿದ್ದಾರೆಂದರೆ ಊರಿನ ಕೆಳಗೆ ಇನ್ನೊಂದು ಊರೇ ಇದೆ. ಆ ಕತ್ತಲೂರಿನ ಒಡೆಯ ಸೈತಾನ. ಗಣಿಯವರು ಅವನನ್ನು ‘ಮಾಮ’ ಎಂದು ಕರೆದು, ಬಾಯಿಗೆ ಸಿಗರೇಟಿಟ್ಟು, ಸಾರಾಯಿ ಎರೆದು ಒಲಿಸಿಕೊಳ್ಳುತ್ತಾರೆ. ಮೇಲೆ ಬಂದರೆ ಗಣಿಬಾಯಿಯ ಪಕ್ಕದಲ್ಲೇ ಮಾತೆ ಮರಿಯಮ್ಮನ ಚರ್ಚು. ಇಬ್ಬರಲ್ಲಿ ಯಾರನ್ನೂ ಬಿಡುವ ಹಾಗಿಲ್ಲ. ಅದಕ್ಕೇ ಈಸ್ಟರಿನ ಮುಂಚಿನ ನಲವತ್ತು ದಿನದ ಉಪವಾಸಕ್ಕೆ ಮೊದಲು ಬರುವ ಕಾರ್ನಿವಲ್ ಹಬ್ಬದ ಶನಿವಾರ ಸೈತಾನನ ವೇಷ ಹಾಕಿ ಊರೆಲ್ಲ ಕುಣಿದು, ಚರ್ಚಿನ ಬಾಗಿಲಲ್ಲಿ ಮುಖವಾಡ ಕಳಚಿ, ಮಂಡಿಯಲ್ಲೇ ನಡೆದು ತಾಯಿಯ ಮುಂದೆ ಹೋಗುತ್ತಾರೆ. ನಿಮ್ಮಲ್ಲಿ ಹುಲಿವೇಷದ ಹರಕೆ ಇದ್ದ ಹಾಗೆ ಅನ್ನಿ. ಒಮ್ಮೆ ಹರಕೆ ಹೊತ್ತರೆ ಮೂರು ವರ್ಷ ಕುಣಿಯಲೇಬೇಕು.

ನನ್ನನ್ನು ಕೊಂಡವನು ಸೆವೆರಿನೊ. ಗಣಿ ಕುಸಿದಾಗ ಕಲ್ಲಿನಡಿಯಿಂದ ಜೀವಂತ ಬಂದವನು. ಆ ಜೀವಕ್ಕಾಗಿಯೇ ಹರಕೆ. ಎರಡು ವರ್ಷ ಅವನ ಕುಣಿತ ನೋಡಿ ತಂಡದವರೇ ಬೆರಗಾದರು. ಆದರೆ ಬಾಗಿಲಲ್ಲಿ ನನ್ನನ್ನು ಕಂಕುಳಲ್ಲಿ ಮುಖ ಕೆಳಗಾಗಿ ಇರುಕಿಕೊಳ್ಳುತ್ತಿದ್ದ. ತಾಯಿಯನ್ನು ನಾನು ನೋಡಲಿಲ್ಲ. ನೋಡುವ ಮುಖವೂ ನನಗಿರಲಿಲ್ಲ.

ಮೂರನೆಯ ವರ್ಷದ ಹೊತ್ತಿಗೆ ಗಣಿಯ ದೂಳು ಅವನ ಪುಪ್ಪುಸವನ್ನು ತಿಂದಿತ್ತು. ಅದನ್ನು ಗೆಳೆಯರಿಗೆ ಹೇಳಲು ಅವನಿಗೆ ಅವಮಾನ. ಅರ್ಧ ದಾರಿಯಲ್ಲಿ ಉಸಿರು ಕಟ್ಟಿ, ಒಂದು ಸಂದಿಗೆ ನುಗ್ಗಿ ಕುಸಿದ. ಹಿಂದೆಯೇ ಬರುತ್ತಿದ್ದ ಹೆಂಡತಿ ಬೆನಿತಾ ನನ್ನನ್ನು ಅವನ ತಲೆಯಿಂದ ಕಿತ್ತಳು.

“ನನ್ನಿಂದಾಗಲ್ಲ ಬೆನಿತಾ. ಹರಕೆ ಮುರೀತು.”

“ಮುರಿಯೋಕೆ ನಾನು ಬಿಡಲ್ಲ. ಬೂಟು ಬಿಚ್ಚು, ನಾನು ಕುಣೀತೀನಿ. ನೀನು ನಿಧಾನವಾಗಿ ನಡ್ಕೊಂಡು ಚರ್ಚಿನ ಮೂಲೆಗೆ ಬಾ. ಅಲ್ಲಿ ಮುಖವಾಡ ನಿಂಗೆ ಕೊಡ್ತೀನಿ. ಒಬ್ಬರಿಗೂ ಗೊತ್ತಾಗಲ್ಲ.”

ಆಗೆಲ್ಲ ಹೆಂಗಸರು ಸೈತಾನನ ವೇಷ ಹಾಕುತ್ತಿರಲಿಲ್ಲ. ಬೆನಿತಾ ಲಂಗ ಎತ್ತಿ ಕಟ್ಟಿ, ಅವನ ಬೂಟು ಹಾಕಿ, ಮೇಲೆ ಅವನ ನಿಲುವಂಗಿ ತೊಟ್ಟು, ಜಡೆಗಳನ್ನು ನನ್ನೊಳಗೆ ತುರುಕಿ ಕುಣಿದಳು. ಜನ ಸೆವೆರಿನೊ ಹೆಸರು ಕೂಗಿ ಹುರಿದುಂಬಿಸಿದರು. ಅವಳ ಬೆವರು ನನ್ನ ಪ್ಲಾಸ್ಟರಿಗೆ ಇಳಿಯುತ್ತಿತ್ತು.

ಚರ್ಚಿನ ಮೂಲೆ ಬಂತು. ಸೆವೆರಿನೊ ಕಂಬವೊಂದರ ಮರೆಯಲ್ಲಿ ನಿಂತಿದ್ದ. ನಾವು ಅವನನ್ನು ನೋಡಿದೆವು, ಅವನೂ ನಮ್ಮನ್ನು ನೋಡಿದ. ಅಲ್ಲೇ ಪಕ್ಕದಲ್ಲಿ ಗಣಿಯ ಗೆಳೆಯರ ಗುಂಪಿತ್ತು. ಅವನು ತಲೆ ತಗ್ಗಿಸಿ ಇನ್ನೂ ಹಿಂದಕ್ಕೆ ಸರಿದ. ಹೆಮ್ಮರದಂಥ ಗಂಡಸು ಹೀಗೆ ಕುಗ್ಗಿದ್ದನ್ನು ಕಂಡು ನನ್ನ ಕೊಂಬುಗಳಿಗೂ ನಾಚಿಕೆಯಾಯಿತು.

ಹಿಂದಿನ ಸಾಲು ತಳ್ಳುತ್ತಿತ್ತು. ಬೆನಿತಾ ಬಾಗಿಲಲ್ಲಿ ನನ್ನನ್ನು ಕಳಚಿದಳು. ಜಡೆಗಳೆರಡೂ ಜಾರಿ ಬಿದ್ದವು. ವಾದ್ಯದವರು ಸಹ ನುಡಿಸುವುದು ಮರೆತರು. ಯಾರೋ ನಕ್ಕರು. “ಗಂಡ ಎಲ್ಲಮ್ಮಾ, ಅಡುಗೆ ಮಾಡ್ತಿದ್ದಾನಾ?” ಎಂದರು. ಅವಳು ಕಿವಿಯವರೆಗೂ ಕೆಂಪಾಗಿ ಮಂಡಿಯೂರಿದಳು, ನನ್ನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಒಳಗೆ ನಡೆದಳು. ನನ್ನ ಮುಖ ಅವಳೆದೆಯಲ್ಲಿ ಹುದುಗಿತ್ತು. ಅವಳ ಮಾತು ಮಾತ್ರ ಕೇಳಿಸಿತು: “ತಾಯೀ, ಹರಕೆ ಅವನದು. ಕಾಲಷ್ಟೇ ನನ್ನವು.”

ಮನೆಯಲ್ಲಿ ಸೆವೆರಿನೊ ನನ್ನನ್ನು ಗೋಡೆಗೆ ಮುಖ ಮಾಡಿ ನೇತುಹಾಕಿದ. ಬೆಳಿಗ್ಗೆ ಬೆನಿತಾ ಈಚೆ ತಿರುಗಿಸುವಳು, ಸಂಜೆ ಅವನು ಆಚೆ ತಿರುಗಿಸುವನು. ಇಬ್ಬರ ನಡುವೆ ಉಳಿದ ಮಾತುಕತೆ ಅಷ್ಟೇ. ಉಪವಾಸದ ದಿನಗಳು ಮುಗಿಯುತ್ತ ಬಂದಾಗ ಒಮ್ಮೆ ಅವನೇ ಬಾಯಿಬಿಟ್ಟ.

“ಅಷ್ಟು ಜನರ ಮುಂದೆ ನಿಂಗೆ ನಾಚಿಕೆ ಆಗಲಿಲ್ವಾ?”

“ಆಯ್ತು. ಸಾಯೋವಷ್ಟು ಆಯ್ತು.”

“ತಾಯಿ ಏನಂದಳು?”

ಬೆನಿತಾ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿದಳು. “ನೀನೆಲ್ಲಿ ಅಂತ ಕೇಳಿದಳು.”

ಅವನು ಬಹಳ ಹೊತ್ತು ಕೆಮ್ಮಿದ. ಕೆಮ್ಮೋ ಅಳುವೋ ನನಗೆ ತಿಳಿಯಲಿಲ್ಲ. ಆಮೇಲೆ ನನ್ನನ್ನು ಗೋಡೆಯಿಂದ ಇಳಿಸಿದ.

ಅಂದು ವಾದ್ಯವಿರಲಿಲ್ಲ, ಕುಣಿತವಿರಲಿಲ್ಲ. ಸಂತೆಯ ದಿನ, ಬೀದಿ ತುಂಬ ಗುರುತಿನವರು. ಅವರೆಲ್ಲರ ಎದುರು ಅವನು ಚರ್ಚಿನ ಬಾಗಿಲಲ್ಲಿ ಮಂಡಿಯೂರಿ, ಅಲ್ಲಲ್ಲಿ ನಿಂತು ಉಸಿರೆಳೆದುಕೊಳ್ಳುತ್ತ ಒಳಗೆ ಹೋದ. ಬೆನಿತಾ ಪಕ್ಕದಲ್ಲೇ ಇದ್ದಳು, ಕೈ ಹಿಡಿಯಲಿಲ್ಲ.

ಈಗ ಇಬ್ಬರೂ ಇಲ್ಲ. ನಾನು ಕುಣಿತದ ತಂಡದವರ ಉಗ್ರಾಣದ ಮೂಲೆಯಲ್ಲಿದ್ದೇನೆ. ಒಂದು ಕೊಂಬು ಮುರಿದಿದೆ, ಹಾವಿನ ಬಣ್ಣ ಉದುರಿದೆ. ಹೊಸ ಮುಖವಾಡಗಳು ಬಲು ಹಗುರ, ಅವುಗಳೊಳಗೆ ಹುಡುಗಿಯರೂ ನಗುತ್ತ ಕುಣಿಯುತ್ತಾರೆ. ಯಾರಾದರೂ ನನ್ನನ್ನು ಎತ್ತಿ ನೋಡಿದರೆ ಈಗಲೂ ನಾಚಿಕೆಯಾಗುತ್ತದೆ. ಆದರೂ ಆ ಸಂತೆಯ ದಿನ ಸೆವೆರಿನೊ ನನ್ನನ್ನು ಕಂಕುಳಲ್ಲಿ ಇರುಕಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖವನ್ನು ತಾಯಿಯ ಕಡೆಗೆ ತಿರುಗಿಸಿದ್ದ.