ಈ ವರ್ಷ ಬೇರು

ಒದ್ದೆ ಗೋಣಿಚೀಲದ ಮೇಲಿದ್ದ ಗಿಡವನ್ನು ಎತ್ತಿಕೊಳ್ಳಲು ಮಾಂತೇಶ ಬಗ್ಗಿದ್ದೇ ತಡ, ಗಂಡನ ಹೆಣದ ಪಕ್ಕ ಕೂತಿದ್ದ ಅನಸವ್ವ ಎದ್ದೇಬಿಟ್ಟಳು. ಸುತ್ತಲಿನ ಹೆಂಗಸರು ಅಳು ನಿಲ್ಲಿಸಿ ನೋಡಿದರು.

“ಅದನ್ನ ಮುಟ್ಟಬ್ಯಾಡೋ!”

“ಯವ್ವಾ, ಅಪ್ಪನ ಜೀವನೇ ಇದರಾಗಿತ್ತು. ಅಪ್ಪನ್ನ ಹೂಳೂ ಕುಣಿ ಮ್ಯಾಲ ಹಚ್ಚತೇವಿ,” ಎಂದ ಮಗ. ಅವನ ಕಣ್ಣುಗಳು ಕೆಂಪಾಗಿದ್ದವು.

“ಛಲೋ ವಿಚಾರ,” ಎಂದ ಓಣಿಯ ಹಿರಿಯ ಜಕ್ಕಪ್ಪ.

ಗಿಡವೆಂದರೆ ಜುನಿಪರ್ ಬೋನ್ಸಾಯ್, ಕುಂಡದಲ್ಲೇ ಕುಳ್ಳಗೆ ಬೆಳೆಸುವ ಮರ. ರಬಕವಿಯ ನೇಕಾರ ಶಂಕರೆಪ್ಪ ತೊಂಬತ್ತೊಂಬತ್ತರಲ್ಲಿ ಸೀರೆ ಮಾರಲು ಬೆಂಗಳೂರಿಗೆ ಹೋದವನು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಹನ್ನೆರಡು ವರ್ಷವಾದರೂ ಮೊಳದುದ್ದ ದಾಟಿರಲಿಲ್ಲ. “ಇದರ ನೆಳ್ಳು ಬೆಕ್ಕಿಗೂ ಸಾಲಂಗಿಲ್ಲ,” ಎಂದು ಅನಸವ್ವ ಹಂಗಿಸುತ್ತಿದ್ದಳು. ಇವತ್ತು ಬೆಳಿಗ್ಗೆ ಅದರ ಕುಂಡ ಬದಲಿಸಲು ಕೂತ ಶಂಕರೆಪ್ಪ ಹಳೆಯ ಮಣ್ಣು ಕೊಡವಿದ, ಹೆಚ್ಚಾದ ಬೇರು ಕತ್ತರಿಸಿದ, ಎದೆ ಹಿಡಿದುಕೊಂಡು ಗೋಡೆಗೆ ಒರಗಿದ. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಎರಡು ವರ್ಷದಿಂದ ಶಂಕರೆಪ್ಪನಿಗೆ ಕುಂಡ ಬದಲಿಸುವುದೇ ಚಿಂತೆಯಾಗಿತ್ತು. ಕುಂಡದ ತುಂಬ ಬೇರು ಹೆಣೆದುಕೊಂಡು, ಹಾಕಿದ ನೀರು ಒಳಗಿಳಿಯದೆ ಮೇಲೇ ನಿಲ್ಲುತ್ತಿತ್ತು. ಒಂದು ವರ್ಷ ಮಗನ ಮದುವೆಯೆಂದು ಬಿಟ್ಟ. ಮರುವರ್ಷ ಬಿಸಿಲು ಬೇಗ ಬಂತೆಂದು ಬಿಟ್ಟ. ಈ ಸಲ ಸಂಕ್ರಾಂತಿ ಕಳೆದದ್ದೇ ದಿನಾ ಬೆಳಿಗ್ಗೆ ಮಣ್ಣಿಗೆ ಬೆರಳಿಟ್ಟು ನೋಡುತ್ತಿದ್ದ.

ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದ ಅನಸವ್ವ ಒಮ್ಮೆ, “ಬೇರಿನ ಜೋಡಿ ಟೊಂಗಿ ತುದೀನೂ ಕತ್ತರಿಸಿಬಿಡ್ರಿ. ಒಮ್ಮಿಗೇ ಕೆಲಸ ಮುಗೀತೈತಿ,” ಎಂದಿದ್ದಳು.

“ಹುಚ್ಚೀ, ಎರಡೂ ಕಡೆ ಕೊಯ್ದರ ಅದು ತಾಳೂದು ಹ್ಯಾಂಗ? ಈ ವರ್ಷ ಬೇರು. ತುದಿ ಮುಂದಿನ ವರ್ಷ.”

“ನನಗೂ ಹಿಂಗ ವರ್ಷಕ್ಕೊಂದ ಕೆಲಸ ಹೇಳ್ರಿ ಹಂಗಾರ.”

ಶಂಕರೆಪ್ಪ ಮಗ್ಗ ನಿಲ್ಲಿಸಿ ನಕ್ಕಿದ್ದ.

*

“ಕುಣಿ ಮ್ಯಾಲ ದಿನಾ ನೀರು ಹಾಕಾವರು ಯಾರು?” ಅನಸವ್ವ ಮಗನನ್ನು ಕೇಳಿದಳು. “ಬ್ಯಾಸಗಿ ಬಂತು. ಅವರ ಜೋಡಿ ಇದನ್ನೂ ಹೂಳತೀಯೇನು?”

ಮಾಂತೇಶ ಕೈ ಹಿಂದೆ ತೆಗೆದ.

“ಹಂಗಾರ ನಾಳೆ ಕುಂಡದಾಗ ಹಚ್ಚು,” ಎಂದ ಜಕ್ಕಪ್ಪ. “ಈಗ ಹೆಣದ ಹಿಂದ ಓಣಿ ತುದಿಮಟ ನೀ ಬರಬೇಕವ್ವಾ. ರೂಢಿ ಐತಿ.”

“ನಾಳಿಗಿ ಬೇರು ಒಣಗಿರತಾವ. ನಾ ಬರಂಗಿಲ್ಲ.”

ಯಾರೋ ಗೊಣಗಿದರು. ಅನಸವ್ವ ಗಂಡನ ಮುಖವನ್ನು ಎರಡೂ ಕೈಯಿಂದ ಸವರಿ ಗಟ್ಟಿಯಾಗಿ ಅತ್ತಳು. ನಲವತ್ತು ವರ್ಷ ಜೊತೆಗಿದ್ದವನನ್ನು ಹೀಗೆ ಹೊಸ್ತಿಲಲ್ಲೇ ಕಳಿಸಿಕೊಡುವುದು ಅವಳಿಗೂ ಸುಲಭವಿರಲಿಲ್ಲ. ಗಂಡಸರು ಹೆಣ ಎತ್ತಿದರು.

ಅವಳು ಗೋಣಿಚೀಲದ ಸಮೇತ ಗಿಡವನ್ನು ಎತ್ತಿಕೊಂಡು ಹಿತ್ತಲಿಗೆ ಬಂದು ಕುಂಡದ ಮುಂದೆ ಕೂತಳು. ಇಷ್ಟು ವರ್ಷ ಆ ಕೆಲಸ ನೋಡಿದ್ದಳೇ ಹೊರತು ಕೈ ಹಚ್ಚಿದವಳಲ್ಲ. ಗಂಡ ಜರಡಿ ಹಿಡಿದಿಟ್ಟ ಮಣ್ಣು ಪುಟ್ಟಿಯಲ್ಲಿತ್ತು. ಗಿಡವನ್ನು ಕುಂಡದಲ್ಲಿಟ್ಟು ಬೇರುಗಳನ್ನು ಒಂದೊಂದಾಗಿ ಬಿಡಿಸಿ ಹರಡಿದಳು. ಸಿಕ್ಕು ಬಿಡಿಸುವುದು ಅವಳ ಬೆರಳಿಗೆ ಹೊಸದಲ್ಲ.

“ಹಸರ ಐತ್ರಿ ಅತ್ತಿ, ಬದಕತೈತಿ,” ಎಂದಳು ಪಕ್ಕ ಬಂದು ಕೂತ ಸೊಸೆ ಶ್ರೀದೇವಿ.

“ಹಸರ ನಂಬಬ್ಯಾಡವಾ. ಸತ್ತ ಮ್ಯಾಲೂ ಎರಡು ತಿಂಗಳು ಹಸರ ಇರತೈತಂತ. ಇವರೇ ಹೇಳ್ತಿದ್ರು.”

ಮಣ್ಣಾಗುವವರೆಗೆ ಓಣಿಯವರೆಲ್ಲ ಪಾವರ್‌ಲೂಮ್ ನಿಲ್ಲಿಸಿದ್ದರಿಂದ ಹೊಳೆದಂಡೆಯ ಸ್ಮಶಾನದ ಕಡೆಯ ಭಜನೆ ಇಲ್ಲಿಗೂ ಕೇಳುತ್ತಿತ್ತು. ಅದೂ ನಿಂತಿತು. ಕುಣಿಗೆ ಇಳಿಸಿರಬೇಕು. ಬಳೆ ಒಡೆಯಲು ಬಂದು ನಿಂತ ನೆರೆಮನೆಯ ಮಾಯವ್ವನಿಗೆ “ತಡಿ” ಎಂದು, ಅನಸವ್ವ ಪುಟ್ಟಿಯಿಂದ ಒಂದು ಮುಷ್ಟಿ ಮಣ್ಣು ತೆಗೆದು ಬೇರಿನ ಮೇಲೆ ಹಾಕಿದಳು. ಆಮೇಲೆ ಇನ್ನೊಂದು ಮುಷ್ಟಿ.