ಎರಡನೆಯ ಓಟ

ಶಂಡೀನ್ ದೊಡ್ಡವಳಾದದ್ದು ಜೂನ್ ತಿಂಗಳಲ್ಲಿ. ಹನ್ನೆರಡರ ಹುಡುಗಿ ನಾಲ್ಕು ದಿನ ನಸುಕಿನಲ್ಲೆದ್ದು ಪೂರ್ವಕ್ಕೆ ಮುಖಮಾಡಿ ಓಡಿದಳು. ಹಿರಿಯ ಹೆಂಗಸೊಬ್ಬಳು ಅವಳ ತಲೆ ಬಾಚಿ ಕಟ್ಟಿದಳು, ನೆಂಟರೆಲ್ಲ ಕೇಕೆ ಹಾಕುತ್ತ ಅವಳ ಹಿಂದೆ ಓಡಿದರು, ಕೊನೆಯ ರಾತ್ರಿ ಹಾಡುವವರು ಬಂದು ಬೆಳಗಿನವರೆಗೆ ಹಾಡಿದರು. ನೆಲದ ಗುಂಡಿಯಲ್ಲಿ ಬೇಯಿಸಿದ ಮೆಕ್ಕೆಜೋಳದ ಕೇಕನ್ನು ಕೊನೆಯ ದಿನ ಅವಳೇ ಎಲ್ಲರಿಗೂ ಹಂಚಿದಳು. ನಮ್ಮ ನವಾಹೋ ಬುಡಕಟ್ಟಿನ ಮನೆಗಳಲ್ಲಿ ಇದು ಎರಡು ಸಲ ಆಗಬೇಕು, ಮೊದಲ ಮುಟ್ಟಿಗೊಮ್ಮೆ, ಎರಡನೆಯದಕ್ಕೊಮ್ಮೆ. ಮೂರನೆಯದಕ್ಕೆ ಯಾರೂ ಓಡುವುದಿಲ್ಲ.

"ಎರಡನೇದು ಬೇಗ ಬರ್ಲಿ ಮಗಾ, ನಾನು ಕಣ್ಮುಚ್ಚೋದ್ರೊಳಗೆ ನೋಡ್ಬೇಕು" ಎಂದಳು ಬೆಸ್ಸಿ ಅಜ್ಜಿ. ಅವಳಿಗೆ ಎಂಬತ್ತು ದಾಟಿತ್ತು. ಮರುವಾರವೇ ಜೋಳ ಹಸನು ಮಾಡಲು ಕೂತಳು. ಒಂದು ಕುರಿಯನ್ನೂ ಬೇರೆ ಕಟ್ಟಿಸಿದಳು.

ಜುಲೈ ಬಂತು, ಹೋಯಿತು. ಆಗಸ್ಟೂ ಹೋಯಿತು. ಮುಟ್ಟು ಮಾತ್ರ ಪತ್ತೆಯಿಲ್ಲ. ಅಜ್ಜಿಗೆ ಅವಸರ, ಹುಡುಗಿಗೆ ನಾಚಿಕೆ, ತಾಯಿ ವರ್ನಾಳಿಗೆ ಒಳಗೊಳಗೇ ಕಸಿವಿಸಿ. ಇದರ ಮೇಲೆ ವರ್ನಾಳ ಅಕ್ಕ ಅರ್ಲೀನ್ ಬೇರೆ. ಅವಳ ಬಾಯಿಗೆ ಬೀಗ ಹಾಕುವವರು ನಮ್ಮ ಚಿನ್ಲಿ ಊರಿನ ಸುತ್ತಮುತ್ತ ಇನ್ನೂ ಹುಟ್ಟಿಲ್ಲ.

"ಒಂದ್ಸಲ ಬಂದು ನಿಂತ್ಹೋಗೋದು ಅಂದ್ರೇನೇ ವರ್ನಾ? ನಿನ್ ಮಗಳು ಸ್ಕೂಲ್ ಬಸ್ ಬಿಟ್ಟು ಯಾರ್ದೋ ಪಿಕಪ್ಪಿಂದ ಇಳೀತಾಳೆ."

"ಅದು ಓಟದ ಕೋಚಮ್ಮನ ಗಾಡಿ ಅಕ್ಕ."

"ಇರ್ಲಿ ಬಿಡು, ನನಗ್ಯಾಕೆ ಊರ ಉಸಾಬರಿ. ಕಂಡದ್ದು ಹೇಳ್ದೆ ಅಷ್ಟೇ."

ವರ್ನಾಳ ತಲೆಯಲ್ಲಿ ಹುಳ ಬಿಡಲು ಅಷ್ಟು ಸಾಕಾಯಿತು. ಮಗಳನ್ನು ಎದುರಿಗೆ ಕೂರಿಸಿಕೊಂಡು ಒಂದು ಮಾತು ಕೇಳಬಹುದಿತ್ತು. ಕೇಳುವ ಧೈರ್ಯವಿಲ್ಲದೆ ಜಾಣತನ ಮಾಡಲು ಹೊರಟಳು. ಸೆಪ್ಟೆಂಬರ್ ಕೊನೆಗೆ, ಸಕ್ಕರೆ ಕಾಯಿಲೆ ಇದೆಯೋ ಏನೋ ನೋಡಿಸೋಣ ಎಂದು ಸುಳ್ಳು ಹೇಳಿ ಕ್ಲಿನಿಕ್ಕಿಗೆ ಕರೆದೊಯ್ದಳು. ಹುಡುಗಿ ಪಾಪ, ಡಬ್ಬಿಯಲ್ಲಿ ಮೂತ್ರ ಹಿಡಿದುಕೊಟ್ಟು ಬಂದು ಕೂತಳು.

ನರ್ಸಮ್ಮ ನಗುತ್ತಲೇ ಬಂದಳು. "ಬಸುರಿಲ್ಲ, ನಿಶ್ಚಿಂತೆಯಾಗಿರಿ. ದೊಡ್ಡವಳಾದ ಹೊಸದ್ರಲ್ಲಿ ಒಂದೆರಡು ವರ್ಷ ಹೀಗೇನೇ. ಒಂದ್ಸಲ ಮೂರು ವಾರಕ್ಕೇ ಬರುತ್ತೆ, ಒಂದ್ಸಲ ಮೂರು ತಿಂಗ್ಳು ಸತಾಯಿಸುತ್ತೆ. ಮೈಗೆ ಇನ್ನೂ ಲೆಕ್ಕ ಕೂತಿಲ್ಲ. ಇನ್ನೂ ತಡ ಆದ್ರೆ ಮತ್ತೆ ಕರ್ಕೊಂಡು ಬನ್ನಿ."

ಶಂಡೀನ್ ತಾಯಿಯ ಕಡೆ ತಿರುಗಿದಳು. ವರ್ನಾ ಕೈಚೀಲದಲ್ಲಿ ಬೀಗದಕೈ ಹುಡುಕುತ್ತಿದ್ದಳು.

"ಸಕ್ಕರೆ ಅಂದ್ಯಲ್ಲಮ್ಮ" ಎಂದಳು ಹುಡುಗಿ, ಗಾಡಿ ಹತ್ತಿದ ಮೇಲೆ.

ಆಮೇಲೆ ಅವಳಿಗೆ ತಾಯಿಯೊಡನೆ ಹೂಂ, ಉಹೂಂ, ಎರಡೇ ಮಾತು. ಅಕ್ಟೋಬರ್ ಕೊನೆಯಲ್ಲಿ ಕೆಲವು ದಿನ ಕತ್ತಲಿರುವಾಗಲೇ ಎದ್ದು ಒಬ್ಬಳೇ ಓಡಿಬಂದಳು. ಶಾಲೆಯ ಪಂದ್ಯಕ್ಕಿರಬೇಕು, ಸಿಟ್ಟು ಇಳಿಯಿತು ಸದ್ಯ ಎಂದುಕೊಂಡ ವರ್ನಾ ಕಿಟಕಿಯಿಂದ ನೋಡಿ, ಕಾಫಿ ಮುಗಿಸಿ, ಮತ್ತೆ ಹೊದ್ದು ಮಲಗಿದಳು.

ಡಿಸೆಂಬರಿನ ಒಂದು ಬೆಳಿಗ್ಗೆ ಬಚ್ಚಲಿನ ಕಸದ ಬುಟ್ಟಿಯಲ್ಲಿ ಪ್ಯಾಡಿನ ಹೊದಿಕೆ ಕಂಡು ವರ್ನಾಳ ಜೀವ ಹೂವಾಯಿತು. "ಬಂತೇನೇ? ಮೊದ್ಲು ಹೇಳ್ಬಾರ್ದಾ? ಹಾಡೋವ್ರಿಗೆ ಹೇಳಿಕಳಿಸ್ಬೇಕು, ಅಜ್ಜಿ ಕುಣಿದುಬಿಡ್ತಾಳೆ."

"ಇದು ಮೂರನೇದು" ಎಂದಳು ಶಂಡೀನ್.

"ಮತ್ತೆ ಎರಡನೇದು?"

"ಅಕ್ಟೋಬರಲ್ಲೇ ಆಯ್ತು. ನಾಲ್ಕು ದಿನ ಓಡಿದ್ನಲ್ಲ. ನೀನು ಕಿಟಕೀಲಿ ನಿಂತು ನೋಡ್ತಿದ್ದೆ."

ಆ ಓಟ ವರ್ನಾಳ ಕಣ್ಣಿಗೆ ಮತ್ತೆ ಬಂತು. ಹಿಂದೆ ಒಬ್ಬರಿಲ್ಲ, ಕೇಕೆಯಿಲ್ಲ, ತಲೆ ಬಾಚಿ ಕಟ್ಟಿದವರಿಲ್ಲ. "ನನಗೆ ಯಾಕೆ ಹೇಳ್ಲಿಲ್ಲ? ಒಂದು ಮಾತು ಸಾಕಿತ್ತಲ್ಲೇ."

"ನೀನು ನನ್ನನ್ನ ಎಲ್ಲಿ ಕೇಳ್ದೆ? ಡಬ್ಬೀನ ಕೇಳ್ದೆ."

"ಈಗ ಅಜ್ಜಿಗೆ ಏನಂತ ಹೇಳ್ಲಿ?"

"ಇದ್ದದ್ದು ಹೇಳು. ನೀನು ಮಾಡಿದ್ದೂ ಸೇರಿಸಿ ಹೇಳು."

ಅಜ್ಜಿಯ ಮರದ ದಿಮ್ಮಿಯ ಮನೆ ಅಂಗಳದಾಚೆಗೇ. ವರ್ನಾ ಮುಂದೆ, ಮಗಳು ಹಿಂದೆ. ಒಳಗೆ ಅರ್ಲೀನ್ ಒಲೆಯ ಪಕ್ಕ ಕಾಫಿ ಕುಡಿಯುತ್ತ ಕೂತಿದ್ದಳು. ಅಜ್ಜಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೆರಳಿನಿಂದಲೇ ತಡಕಿ ಹುಳುಕು ಕಾಳು ತೆಗೆಯುತ್ತಿದ್ದಳು. ಈಚೆಗೆ ಅವಳ ಕಣ್ಣು ಪೂರ್ತಿ ಮಂಜಾಗಿತ್ತು.

"ಯಾರು, ವರ್ನಾನಾ? ಹುಡುಗಿಗೆ ಬಂತೇನೇ?" ಎಂದು ಕೇಳಿದಳು ಅಜ್ಜಿ.

ಇದ್ದದ್ದು ಹೇಳಬೇಕೆಂದೇ ವರ್ನಾ ಬಂದಿದ್ದಳು. ಆದರೆ ಹೇಳಿದರೆ ಕ್ಲಿನಿಕ್ಕಿನ ಸಂಗತಿ ಹೇಳಬೇಕು, ಹೆತ್ತ ಮಗಳ ಮೇಲೆ ಸಂಶಯಪಟ್ಟದ್ದನ್ನು ಹೇಳಬೇಕು, ಅದೂ ಅಕ್ಕನ ಎದುರಿಗೆ.

"ಇಲ್ಲಮ್ಮ, ಇನ್ನೂ ಬಂದಿಲ್ಲ" ಎಂದುಬಿಟ್ಟಳು.

"ಬರುತ್ತೆ ಬಿಡು" ಎಂದು ಅಜ್ಜಿ ಮತ್ತೆ ಕಾಳು ತಡಕತೊಡಗಿದಳು.

ಅರ್ಲೀನ್ ಜೂನ್ ಕಳೆದ ಮೇಲಿನ ತಿಂಗಳಿಗೊಂದರಂತೆ ಬೆರಳು ಮಡಿಚುತ್ತ ಬಂದು ಆರಕ್ಕೆ ನಿಲ್ಲಿಸಿದಳು. ಆಮೇಲೆ ತಲೆಯೆತ್ತಿ, ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಹೊಟ್ಟೆಯನ್ನೇ ನೋಡಿದಳು.