ಈ ವರ್ಷದ ಸಾಕ್ಷಿ

"ಮಾದಿ, ಕೈ ಎತ್ತು" ಎಂದ ಸೋಮಯ್ಯ.

ಚಿಕ್ಕಮಾದಮ್ಮ ಎತ್ತಲಿಲ್ಲ. ಹೆಂಗಸರ ಚಾಪೆಯ ಮೂರನೆಯ ಸಾಲಿನಲ್ಲಿ, ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಗಂಡನ ಮುಖವನ್ನೇ ನೋಡುತ್ತ ಕೂತಳು.

ಉಮ್ಮತ್ತೂರಿನ ಆ ಸಣ್ಣ ಕ್ರೈಸ್ತ ಸಭೆಯಲ್ಲಿ ಹೊಸ ವರ್ಷದ ದಿನ ಸಾಕ್ಷಿ ಹೇಳುವುದು ವಾಡಿಕೆ. ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಒಬ್ಬೊಬ್ಬರೂ ಎದ್ದು ನಿಂತು ಹೇಳಬೇಕು. ಸೋಮಯ್ಯನದು ಎಲ್ಲರಿಗೂ ಬಾಯಿಪಾಠ. ಮೂವತ್ತನಾಲ್ಕನೇ ಇಸವಿಯಲ್ಲಿ ಅವನು ಕುಡಿದು ಬಂದು ಒನಕೆಯಿಂದ ಹೆಂಡತಿಯ ಮಣಿಕಟ್ಟು ಮುರಿದಿದ್ದ. ಮಾರನೆಯ ಬೆಳಿಗ್ಗೆ ಸಭೆಯ ಉಪದೇಶಿಯ ಕಾಲಿಗೆ ಬಿದ್ದ. ಆಮೇಲೆ ಹೆಂಡ ಮುಟ್ಟಲಿಲ್ಲ. ಕತೆ ಒನಕೆಗೆ ಬಂದಾಗ ಅವಳು ಕೈ ಎತ್ತಬೇಕು. ಮೂಳೆ ಓರೆಯಾಗಿ ಕೂಡಿಕೊಂಡ ಮಣಿಕಟ್ಟನ್ನು ಕಂಡು ಸಭೆ "ಸ್ತೋತ್ರ" ಅನ್ನಬೇಕು. ಇಪ್ಪತ್ತೊಂದು ವರ್ಷ ಹಾಗೇ ನಡೆದಿತ್ತು.

ಈ ಸಲ ಚಾಮರಾಜನಗರದಿಂದ ಹೊಸ ಪಾದ್ರಿ ಅಯ್ಯನವರು ಬಂದಿದ್ದರು. ಆರಾಧನೆಯ ಕೊನೆಗೆ ಸಭೆಯ ಹಿರಿಯನ ಆಯ್ಕೆ. ಸೋಮಯ್ಯನ ಹೆಸರೊಂದೇ ಇತ್ತು. ಅದಕ್ಕೆಂದೇ ಅವನು ಹೊಸ ಪಂಚೆ ಉಟ್ಟಿದ್ದ.

"ಎತ್ತಮ್ಮಿ. ಅಯ್ನೋರು ನೋಡ್ಲಿ."

"ಒನಕೆ ಮನೇಲೇ ಅದೆ. ಅದ್ನೇ ತಂದು ತೋರ್ಸು."

ಪಕ್ಕದ ಸಣ್ಣತಾಯಮ್ಮ ಅವಳ ಸೆರಗು ಜಗ್ಗಿದಳು. "ಸುಮ್ಕಿರಕ್ಕ. ಒಂದ್ ಗಳಿಗೆ ಎತ್ತಿ ಇಳಿಸ್ಬುಡು."

"ನಿಂದೇ ಎತ್ತವ್ವ" ಎಂದು ಚಿಕ್ಕಮಾದಮ್ಮ ಗಂಡನ ಕಡೆ ತಿರುಗಿದಳು. "ಇಪ್ಪತ್ತೊಂದ್ ಸಲ ಎತ್ತಿವ್ನಿ. ಅವತ್ತು ನಿನ್ ಹೆಂಡ ಬುಡಿಸಿದ ದೇವ್ರು ಆಮ್ಯಾಕೆ ನಮ್ಮನೆ ಕಡೆ ತಲೆ ಆಕ್ಲೇ ಇಲ್ವಾ? ಈ ವರ್ಸದ್ದೇನಾರ ಇದ್ರೆ ಯೋಳು."

ಗಂಡಸರ ಕಡೆ ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಅಯ್ಯನವರು ನಗಲಿಲ್ಲ, ಅವಳನ್ನು ಗದರಲೂ ಇಲ್ಲ.

"ಅವರು ಕೇಳಿದ್ದು ತಪ್ಪಲ್ಲ, ಸೋಮಯ್ಯ. ಈ ವರ್ಷದ್ದು ಹೇಳಿ. ಸಣ್ಣದಾದರೂ ಸರಿ."

ಸೋಮಯ್ಯ ಡಿಸೆಂಬರಿನಿಂದ ಹಿಂದಕ್ಕೆ ಒಂದೊಂದೇ ತಿಂಗಳನ್ನು ತಡಕಿದ. ಭಾನುವಾರ ತಪ್ಪಿಸಿರಲಿಲ್ಲ. ಕುಡಿದಿರಲಿಲ್ಲ. ಅವೆರಡೂ ಹಿಂದಿನ ವರ್ಷವೂ ಇದ್ದವು, ಅದರ ಹಿಂದಿನ ವರ್ಷವೂ.

"ಕುಡೀಲಿಲ್ಲ ಅಯ್ನೋರೆ" ಎಂದ.

"ಅದು ಮೂವತ್ನಾಕರದ್ದು" ಎಂದಳು ಚಿಕ್ಕಮಾದಮ್ಮ.

ಅವನು ಕೂತ. ಹಿರಿಯನ ಆಯ್ಕೆಯನ್ನು ಅಯ್ಯನವರು ಈಸ್ಟರ್ ಹಬ್ಬಕ್ಕೆ ಮುಂದೂಡಿದರು.

ಮನೆಯ ದಾರಿಯಲ್ಲಿ, ಕಳ್ಳಿಬೇಲಿಯ ಓಣಿಯಲ್ಲಿ ಅವನು ಅವಳ ಕಡೆ ತಿರುಗಿ ನಿಂತ.

"ನಾಕು ಜನದ್ ಮುಂದೆ ಮಾನ ಕಳ್ದ್‌ಬುಟ್ಟೆ."

"ನಿಂದು ಒಂದ್ಸಲ. ನಂದು ಇಪ್ಪತ್ತೊಂದ್ಸಲ."

ಸೋಮಯ್ಯನ ಕೈ ಮೇಲೆ ಹೋಯಿತು. ಹೋಗಿದೆಯೆಂದು ಅವನಿಗೆ ತಿಳಿದದ್ದು ಆಮೇಲೆ. ಅವಳು ಹಿಂದೆ ಸರಿಯಲಿಲ್ಲ.

"ಒಡಿ. ಬರೋ ವರ್ಸಕ್ಕೆ ಒಸಾ ಸಾಕ್ಷಿ ಆಯ್ತದೆ."

ಕೈ ಇಳಿಯುವುದಕ್ಕೆ ಏರಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅವಳು ಮುಂದೆ ನಡೆದಳು.

ಮನೆಯಲ್ಲಿ ಹಿಟ್ಟು ಮುಗಿದಿತ್ತು. ಚಿಕ್ಕಮಾದಮ್ಮ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು ರಾಗಿ ಬೀಸತೊಡಗಿದಳು. ಗೂಟ ಹಿಡಿದು ತಿರುಗಿಸುತ್ತಿದ್ದದ್ದು ಎಡಗೈ. ಬಲಗೈಗೆ ಒತ್ತುವ ಬಲವಿರಲಿಲ್ಲ. ಅದು ಕಾಳು ಹಾಕುವಷ್ಟಕ್ಕೆ ಮಾತ್ರ. ಇಷ್ಟು ವರ್ಷ ಆ ಹಿಟ್ಟಿನ ಮುದ್ದೆ ತಿಂದ ಸೋಮಯ್ಯ ಇದನ್ನು ಗಮನಿಸಿರಲಿಲ್ಲ. ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತ. ಬಳಿಕ ಒಳಗೆ ಬಂದು ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದ.

"ಬುಡು. ನಿಂಗ್ ಬರಲ್ಲ."

ಅವನು ಬಿಡಲಿಲ್ಲ. ಎದುರು ಮನೆಯ ಜಗಲಿಯಿಂದ ಸಣ್ಣತಾಯಮ್ಮ ಕತ್ತು ಚಾಚುತ್ತಿದ್ದಳು. ಚಿಕ್ಕಮಾದಮ್ಮ ಗೂಟದಿಂದ ಕೈ ತೆಗೆದು ಎದ್ದು ಹೋಗಿ, ಬಾಗಿಲು ಮುಚ್ಚಿ ಅಗುಳಿ ಹಾಕಿದಳು.

"ಇದ್ನ ಯಾರ್‌ಗೂ ಯೋಳ್ಬ್ಯಾಡ" ಎಂದಳು. "ಈಸ್ಟರ್‌ಗೂ ಯೋಳ್ಬ್ಯಾಡ."

ಕಲ್ಲು ತಡೆದು ತಡೆದು ತಿರುಗಿತು. ಅಂಚಿನಲ್ಲಿ ಉದುರಿದ್ದನ್ನು ಅವಳು ಎರಡು ಬೆರಳ ನಡುವೆ ಉಜ್ಜಿ ನೋಡಿದಳು.

"ತರಿ ತರಿ ಅದೆ" ಎಂದು ಅಷ್ಟನ್ನೂ ಬಾಚಿ ಮತ್ತೆ ಕಲ್ಲಿನ ಬಾಯಿಗೆ ಸುರಿದಳು.